ಕೇಕ್ ಮೇಲೆ ಸೀದು ಒಳಗೆ ಹಸಿಯೇ? ಓವನ್ ರಿಪೇರಿಗೆ ಕೊಡುವ ಮೊದಲು ಡಿಗ್ರಿ ನೋಡಿ

ಮಗುವಿಗೆ 102 ಡಿಗ್ರಿ ಜ್ವರ ಅನ್ನುತ್ತೇವೆ. ಕಲಬುರಗಿಯಲ್ಲಿ 42 ಡಿಗ್ರಿ ಬಿಸಿಲು ಅನ್ನುತ್ತೇವೆ. ಜ್ವರದ ಲೆಕ್ಕ ಫ್ಯಾರನ್‌ಹೀಟ್, ಬಿಸಿಲಿನ ಲೆಕ್ಕ ಸೆಲ್ಸಿಯಸ್. ಎರಡನ್ನೂ ಬರೀ 'ಡಿಗ್ರಿ' ಅಂತ ಹೇಳಿ ಮುಗಿಸಿದರೂ ಯಾರಿಗೂ ಗೊಂದಲ ಆಗುವುದಿಲ್ಲ. ಬಿಸಿಲು ಎಷ್ಟಿರಬಹುದು, ಜ್ವರ ಎಷ್ಟಿರಬಹುದು ಅನ್ನುವ ಅಂದಾಜು ನಮಗೆ ಚೆನ್ನಾಗಿದೆ. ಓವನ್ ವಿಷಯದಲ್ಲಿ ಆ ಅಂದಾಜು ಇಲ್ಲ. ಹಾಗಾಗಿ ರೆಸಿಪಿಯಲ್ಲಿ 350 ಅಂತ ಕಂಡರೆ ನಾಬ್ ಅನ್ನು ಆದಷ್ಟು ತಿರುಗಿಸಿಬಿಡುತ್ತೇವೆ.

ಕೇಕ್ ಕೆಟ್ಟಾಗ ಮೊದಲು ಬೈಸಿಕೊಳ್ಳುವುದು ಓವನ್. ಎಷ್ಟೋ ಸಲ ತಪ್ಪು ಅದರದ್ದಲ್ಲ. ಹಾಗಂತ 350 ಫ್ಯಾರನ್‌ಹೀಟ್ ಅಂದರೆ 175ಕ್ಕೆ ಇಡಬೇಕೋ 180ಕ್ಕೋ ಅಂತ ತಲೆ ಕೆಡಿಸಿಕೊಳ್ಳುವುದೂ ಬೇಡ. ಸರಿಯಾದ ಲೆಕ್ಕ 176.7. ಮನೆಯ ಓಟಿಜಿ (ಕರೆಂಟಿನ ಚಿಕ್ಕ ಓವನ್) ಕೆಲಸ ಮಾಡುವಾಗಲೇ ಅದಕ್ಕಿಂತ ಜಾಸ್ತಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಡಿಗ್ರಿ ವಿಷಯದಲ್ಲಿ ಕೇಕ್ ಕೆಡಿಸುವುದು ಹೆಚ್ಚಾಗಿ ಮೂರು ಸಂಗತಿ: ಒಂದು ಲೆಕ್ಕದ ಅಂಕಿಯನ್ನು ಇನ್ನೊಂದರಲ್ಲಿ ಇಡುವುದು, 'ಇಷ್ಟು ಕಡಿಮೆ ಮಾಡಿ' ಅನ್ನುವ ಮಾತನ್ನು ತಪ್ಪಾಗಿ ಬದಲಾಯಿಸುವುದು, ಮತ್ತು ನಾಬ್ ತೋರಿಸುವ ಬಿಸಿಗೂ ಒಳಗಿನ ಬಿಸಿಗೂ ತಾಳೆಯಾಗದಿರುವುದು.

ಎಲ್ಲಕ್ಕಿಂತ ಮೊದಲು: ಈ ಅಂಕಿ ಯಾವ ಲೆಕ್ಕದ್ದು?

ಬೇಕಿಂಗ್ ರೆಸಿಪಿಯಲ್ಲಿ 275ರಿಂದ 450ರವರೆಗಿನ ಅಂಕಿ ಇದ್ದರೆ ಅದು ಫ್ಯಾರನ್‌ಹೀಟ್ ಅಂತಲೇ ತಿಳಿಯಿರಿ. 140ರಿಂದ 190ರವರೆಗೆ ಇದ್ದರೆ ಸೆಲ್ಸಿಯಸ್. ಕಷ್ಟ ಆಗುವುದು ನಡುವಿನ 200ರಿಂದ 250ರಲ್ಲಿ, ಅದು ಎರಡೂ ಆಗಿರಬಹುದು. ಆಗ ಹೊತ್ತು ನೋಡಿ. '225 ಡಿಗ್ರಿ, ಎರಡು ಗಂಟೆ' ಅಂದರೆ ಫ್ಯಾರನ್‌ಹೀಟ್. ಮೆರಾಂಗ್ (ಮೊಟ್ಟೆಯ ಬಿಳಿಭಾಗ, ಸಕ್ಕರೆ ಕಡೆದು ಮಾಡುವ ತಿಂಡಿ) ಥರದ್ದನ್ನು ಮೆಲ್ಲಗೆ ಒಣಗಿಸುವ ಕೆಲಸ ಅದು. '225 ಡಿಗ್ರಿ, 12 ನಿಮಿಷ' ಅಂದರೆ ಸೆಲ್ಸಿಯಸ್, ಬಹುಶಃ ಪಿಜ್ಜಾ.

ಅಳತೆಯೂ ಸುಳಿವು ಕೊಡುತ್ತದೆ. ಕಪ್ ಲೆಕ್ಕದ ಮೈದಾ, 'ಒಂದು ಸ್ಟಿಕ್ ಬೆಣ್ಣೆ' ಅಂತ ಇದ್ದರೆ ಅಮೆರಿಕದ ರೆಸಿಪಿ, ಹಾಗಾದರೆ ಫ್ಯಾರನ್‌ಹೀಟ್. ಎಲ್ಲವೂ ಗ್ರಾಂನಲ್ಲಿದ್ದರೆ ಸಾಮಾನ್ಯವಾಗಿ ಸೆಲ್ಸಿಯಸ್. 'ಗ್ಯಾಸ್ ಮಾರ್ಕ್ 4' ಅಂತ ಕಂಡರೆ ಅದು ಬ್ರಿಟನ್ನಿನ ಗ್ಯಾಸ್ ಓವನ್‌ಗಳ ಲೆಕ್ಕ. ಅದು 4 ಡಿಗ್ರಿ ಅಲ್ಲ, 180 ಸೆಲ್ಸಿಯಸ್.

ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳಲು ಇಷ್ಟು ಸಾಕು:

250 ಫ್ಯಾರನ್‌ಹೀಟ್ – 120 ಸೆಲ್ಸಿಯಸ್
300 – 150
325 – 165
350 – 175 ಅಥವಾ 180
375 – 190
400 – 205
425 – 220
450 – 230

ಲೆಕ್ಕ ಬೇಕಾದವರಿಗೆ: ಫ್ಯಾರನ್‌ಹೀಟ್ ಅಂಕಿಯಿಂದ 32 ಕಳೆಯಿರಿ, 5ರಿಂದ ಗುಣಿಸಿ, 9ರಿಂದ ಭಾಗಿಸಿ. ಕೈಗೆ ಹಿಟ್ಟು ಮೆತ್ತಿಕೊಂಡಿರುವಾಗ ಇದು ಆಗದ ಕೆಲಸ. ಆಗ ಸುಮ್ನೆ ಅರ್ಧ ಮಾಡಿ. 320 ಫ್ಯಾರನ್‌ಹೀಟ್ ಸರಿಯಾಗಿ 160 ಸೆಲ್ಸಿಯಸ್. ಅದರ ಆಸುಪಾಸಿನಲ್ಲಿ ಅರ್ಧ ಮಾಡುವ ಲೆಕ್ಕಕ್ಕೆ ವ್ಯತ್ಯಾಸವೇ ಬರುವುದಿಲ್ಲ. 400ಕ್ಕೆ 4 ಡಿಗ್ರಿ, 450ಕ್ಕೆ 7 ಡಿಗ್ರಿ ಕಮ್ಮಿ ಬರುತ್ತದೆ. ಕೇಕಿಗೆ, ಬಿಸ್ಕತ್ತಿಗೆ ಧಾರಾಳ ಸಾಕು. ಪಿಜ್ಜಾ, ಬ್ರೆಡ್‌ಗೆ ಮಾತ್ರ ಐದೋ ಹತ್ತೋ ಸೇರಿಸಿಕೊಳ್ಳಿ.

ಮೇಲೆ ಕರಕಲು, ಒಳಗೆ ಹಸಿ

ಇದು ಬಿಸಿ ಜಾಸ್ತಿಯಾದ ಲಕ್ಷಣ. ಹಿಟ್ಟಿನ ನಡುಭಾಗಕ್ಕೆ ಕಾವು ಮುಟ್ಟುವ ಮೊದಲೇ ಮೇಲ್ಭಾಗ ಗಟ್ಟಿಯಾಗಿ ಕಂದಿರುತ್ತದೆ. ನಡುವೆ ಗುಡ್ಡದ ಹಾಗೆ ಉಬ್ಬಿ ಬಿರುಕು ಬಿಟ್ಟಿದ್ದರೂ ಇದೇ ಕಾರಣ.

ಮೊದಲು ರೆಸಿಪಿಯ ಅಂಕಿ ನೋಡಿ. ನಮ್ಮಲ್ಲಿ ಸಿಗುವ ಓಟಿಜಿಗಳ ನಾಬ್ ಹೆಚ್ಚಾಗಿ 250ಕ್ಕೆ ನಿಲ್ಲುತ್ತದೆ. ರೆಸಿಪಿಯಲ್ಲಿ 350 ಇದೆ, ನಾಬ್‌ನಲ್ಲಿ 350 ಇಲ್ಲ, ಇರುವುದರಲ್ಲಿ ಕೊನೆಗೆ ಇಟ್ಟೆ ಅನ್ನುವವರು ಬಹಳ ಜನ. 250 ಸೆಲ್ಸಿಯಸ್ ಅಂದರೆ 482 ಫ್ಯಾರನ್‌ಹೀಟ್. ಆ ಕಾವಿನಲ್ಲಿ ಯಾವ ಸ್ಪಂಜ್ ಕೇಕೂ ಉಳಿಯುವುದಿಲ್ಲ.

ಅಂಕಿ ಸರಿ ಇದ್ದರೆ ಯಾವ ರಾಡ್ ಕಾಯಬೇಕು ಅಂತ ಆಯ್ಕೆ ಮಾಡುವ ನಾಬ್ ನೋಡಿ. ಹಿಂದಿನ ಸಲ ಪನೀರ್ ಟಿಕ್ಕಾ ಮಾಡಿದಾಗ 'ಮೇಲಿನ ರಾಡ್ ಮಾತ್ರ' ಅಂತ ಇಟ್ಟದ್ದು ಹಾಗೇ ಉಳಿದಿರಬಹುದು. ಕೇಕಿಗೆ ಎರಡೂ ರಾಡ್ ಬೇಕು, ಅಥವಾ ಕೆಳಗಿನದು ಮಾತ್ರ. ಆಮೇಲೆ ಟ್ರೇ ಎಲ್ಲಿದೆ ನೋಡಿ. ಚಿಕ್ಕ ಓಟಿಜಿಯಲ್ಲಿ ಉಬ್ಬಿದ ಕೇಕ್ ಮೇಲಿನ ರಾಡಿಗೆ ಮೂರು ಬೆರಳಷ್ಟು ಹತ್ತಿರ ಬಂದುಬಿಡುತ್ತದೆ. ಟ್ರೇ ಒಂದು ಹಂತ ಕೆಳಗಿಳಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಕಪ್ಪು ಟಿನ್ ಬಿಳಿ ಅಲ್ಯೂಮಿನಿಯಂ ಟಿನ್‌ಗಿಂತ ಬೇಗ ಕಾವು ಹೀರುತ್ತದೆ. ಅದಕ್ಕೆ 10ರಿಂದ 15 ಸೆಲ್ಸಿಯಸ್ ಕಡಿಮೆ ಇಡಿ.

ಕೇಕ್ ಇನ್ನೂ ಒಳಗೇ ಇದ್ದರೆ ಉಳಿಸಬಹುದು. 160ಕ್ಕೆ ಇಳಿಸಿ, ಮೇಲೆ ಫಾಯಿಲ್ ಸಡಿಲವಾಗಿ ಮುಚ್ಚಿ, ನಡುವೆ ಚುಚ್ಚಿದ ಕಡ್ಡಿ ಒಣಗಿ ಬರುವವರೆಗೆ ಬೇಯಿಸಿ. ಫಾಯಿಲ್ ಯಾವ ಕಾರಣಕ್ಕೂ ರಾಡಿಗೆ ತಾಗಬಾರದು.

ಗಂಟೆ ಕಳೆದರೂ ಹಿಟ್ಟು ಹಿಟ್ಟಾಗಿಯೇ ಇದೆ

ಅಮೆರಿಕಕ್ಕೆ ಹೋದ ನಮ್ಮವರ ಮನೆಯಲ್ಲಿ ಇದು ಜಾಸ್ತಿ. ಕನ್ನಡದ ಅಡುಗೆ ವಿಡಿಯೋದಲ್ಲಿ '180 ಡಿಗ್ರಿಗೆ 40 ನಿಮಿಷ' ಅಂದರು. ಅಲ್ಲಿನ ಓವನ್‌ನಲ್ಲಿ 180 ಒತ್ತಿದರು. ಅಲ್ಲಿನ ಹಲವು ಓವನ್‌ಗಳ ಕನಿಷ್ಠ ಅಂಕಿ 170. ಹಾಗಾಗಿ ಓವನ್ ತಕರಾರು ಮಾಡದೆ 180 ಒಪ್ಪಿಕೊಳ್ಳುತ್ತದೆ. ಆದರೆ ಅದು 180 ಫ್ಯಾರನ್‌ಹೀಟ್, ಅಂದರೆ 82 ಸೆಲ್ಸಿಯಸ್. ನೀರು ಕೂಡ ಕುದಿಯದ ಕಾವು. ಬೇಕಿದ್ದದ್ದು 350.

ಹತ್ತು ಹದಿನೈದು ನಿಮಿಷದಲ್ಲೇ ಗೊತ್ತಾದರೆ ಕೂಡಲೇ 350ಕ್ಕೆ ಏರಿಸಿ. ಬೇಕಿಂಗ್ ಪೌಡರ್ ಒಂದಿಷ್ಟು ಶಕ್ತಿ ಕಳೆದುಕೊಂಡಿರುತ್ತದೆ. ಕೇಕ್ ಸ್ವಲ್ಪ ಗಟ್ಟಿ ಬಂದರೂ ತಿನ್ನಬಹುದು. ಮೊಟ್ಟೆ ಹಾಕಿದ ಹಿಟ್ಟು ಎರಡು ಗಂಟೆಗೂ ಮೇಲೆ ಉಗುರುಬೆಚ್ಚಗೆ ಕೂತಿದ್ದರೆ ಮಾತ್ರ ಆಸೆ ಬಿಟ್ಟು ಎಸೆಯಿರಿ.

ಊರಲ್ಲಿ ಇದೇ ಲಕ್ಷಣ ಕಂಡರೆ ಕಾರಣ ಬೇರೆ. ಎರಡೂ ರಾಡ್ ಕಾಯುತ್ತಿವೆಯೇ ಅಂತ ನೋಡಿ. 200ಕ್ಕೆ ಇಟ್ಟು ಕೆಲವು ನಿಮಿಷ ಬಿಟ್ಟು ಗಾಜಿನಿಂದಲೇ ನೋಡಿ, ಮುಟ್ಟಬೇಡಿ. ಒಂದು ಕೆಂಪಾಗಿ ಇನ್ನೊಂದು ಕಪ್ಪಾಗಿಯೇ ಇದ್ದರೆ, ಮತ್ತು ನಾಬ್ ಎರಡೂ ರಾಡ್‌ಗೆ ಇದ್ದರೆ, ಅದು ಮೆಕ್ಯಾನಿಕ್ ಕೆಲಸ.

ರಾಡ್ ಸರಿಯಿದ್ದರೆ ಕರೆಂಟ್ ಹೇಗಿದೆ ಕೇಳಿಕೊಳ್ಳಿ. ವೋಲ್ಟೇಜ್ 230 ಇರಬೇಕಾದ ಕಡೆ ಸಂಜೆ ಹೊತ್ತಿಗೆ 180ಕ್ಕೆ ಇಳಿಯುವ ಊರುಗಳಿವೆ. ವೋಲ್ಟೇಜ್ ಐದನೇ ಒಂದು ಭಾಗ ಇಳಿದರೆ ಕಾವೂ ಅಷ್ಟೇ ಇಳಿಯುತ್ತದೆ ಅಂದುಕೊಂಡರೆ ತಪ್ಪು. 1500 ವ್ಯಾಟಿನ ರಾಡ್ ಆಗ ಸುಮಾರು 920 ವ್ಯಾಟ್ ಮಾತ್ರ ಕೊಡುತ್ತದೆ. ಓವನ್ ಕಾಯಲು ಹೊತ್ತು ಹಿಡಿಯುತ್ತದೆ, ಒಮ್ಮೆ ಬಾಗಿಲು ತೆಗೆದರೆ ಕಾವು ಮತ್ತೆ ಬೇಗ ಏರುವುದಿಲ್ಲ. ಫ್ಯಾನ್ ನಿಧಾನ ತಿರುಗುವ ಹೊತ್ತಿನಲ್ಲಿ ಬೇಕಿಂಗ್ ಬೇಡ, ಬೆಳಗ್ಗೆ ಮಾಡಿ.

ಇನ್ನು ಪ್ರೀಹೀಟ್, ಅಂದರೆ ಓವನ್ ಅನ್ನು ಮೊದಲೇ ಕಾಯಿಸಿಡುವುದು. ರಾಡ್ ಕಾಯುವಾಗ ಹೊತ್ತುವ ದೀಪ ಮೊದಲ ಸಲ ಆರಿದ ತಕ್ಷಣ ಟ್ರೇ ಇಡುವ ಅಭ್ಯಾಸ ಬಿಡಿ. ಆಗ ಬಿಸಿಯಾಗಿರುವುದು ಒಳಗಿನ ಗಾಳಿ ಮಾತ್ರ, ಗೋಡೆಗಳು ಇನ್ನೂ ಕಾದಿರುವುದಿಲ್ಲ. ದೀಪ ಆರಿ, ಹೊತ್ತಿ, ಮತ್ತೆ ಆರಲಿ. ಹದಿನೈದು ನಿಮಿಷ ಅಂತಿಟ್ಟುಕೊಳ್ಳಿ.

'25 ಡಿಗ್ರಿ ಕಡಿಮೆ ಮಾಡಿ' ಅಂದಿದ್ದರು, ಮಾಡಿದ ಮೇಲೂ ಎಡವಟ್ಟು

ಲೆಕ್ಕ ಬಲ್ಲವರೂ ಎಡವುವ ಜಾಗ ಇದು.

ಅಮೆರಿಕದ ರೆಸಿಪಿಯಲ್ಲಿ 'ಫ್ಯಾನ್ ಇರುವ ಓವನ್ ಆದರೆ 25 ಡಿಗ್ರಿ ಕಡಿಮೆ ಮಾಡಿ' ಅಂತ ಇರುತ್ತದೆ. ಫೋನ್ ತೆಗೆದು 25 ಫ್ಯಾರನ್‌ಹೀಟ್ ಅಂದರೆ ಎಷ್ಟು ಸೆಲ್ಸಿಯಸ್ ಅಂತ ಕೇಳಿ. ಮೈನಸ್ 3.9 ಅಂತ ಬರುತ್ತದೆ. ಮೈನಸ್ ನಾಲ್ಕು ಡಿಗ್ರಿ ಕಡಿಮೆ ಮಾಡುವುದು ಹೇಗೆ? ಕೆಲವರು ನಾಲ್ಕು ಡಿಗ್ರಿ ಇಳಿಸುತ್ತಾರೆ, ಕೇಕ್ ಅಂಚು ಸೀಯುತ್ತದೆ. ಕೆಲವರು ಬೇಸತ್ತು 25 ಸೆಲ್ಸಿಯಸ್ಸೇ ಇಳಿಸುತ್ತಾರೆ, ಕೇಕ್ ಬಿಳಿಚಿಕೊಂಡು ಒಳಗೆ ಅಂಟಂಟಾಗಿ ಉಳಿಯುತ್ತದೆ.

ಫೋನಿನದು ತಪ್ಪಲ್ಲ. 25 ಫ್ಯಾರನ್‌ಹೀಟ್ ಅನ್ನುವ ಚಳಿ ಎಷ್ಟು ಅಂತ ಅದು ಹೇಳಿತು. ನಮಗೆ ಬೇಕಿದ್ದದ್ದು 25 ಮೆಟ್ಟಿಲು ಇಳಿದರೆ ಎಷ್ಟು ಇಳಿದಂತೆ ಅನ್ನುವುದು. ವ್ಯತ್ಯಾಸ ಬದಲಾಯಿಸುವಾಗ 32ರ ಗೊಡವೆಯೇ ಇಲ್ಲ. 5ರಿಂದ ಗುಣಿಸಿ 9ರಿಂದ ಭಾಗಿಸಿದರೆ ಮುಗಿಯಿತು. 25ಕ್ಕೆ 13.9 ಬರುತ್ತದೆ, 15 ಅಂತ ಇಟ್ಟುಕೊಳ್ಳಿ. ತಲೆಗೆ ಕೆಲಸ ಬೇಡ ಅಂದರೆ ಇನ್ನೂ ಸುಲಭ ದಾರಿ ಇದೆ: ರೆಸಿಪಿಯಲ್ಲೇ 350ರಿಂದ 25 ಕಳೆದು 325 ಮಾಡಿಕೊಂಡು, ಆಮೇಲೆ ಮೇಲಿನ ಪಟ್ಟಿ ನೋಡಿ.

ಬ್ರಿಟನ್ನಿನ ರೆಸಿಪಿಗಳು '180, ಫ್ಯಾನ್ 160' ಅಂತ ಎರಡನ್ನೂ ಕೊಡುತ್ತವೆ. ಆ 160ರಿಂದ ಮತ್ತೆ ಇಳಿಸುವವರಿದ್ದಾರೆ. ಒಂದೇ ಸಲ ಸಾಕು. ಕನ್ವೆಕ್ಷನ್ ಮೈಕ್ರೋವೇವ್, ಏರ್ ಫ್ರೈಯರ್ ಎರಡರಲ್ಲೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಅಲ್ಲಿ ಯಾವಾಗಲೂ ಫ್ಯಾನ್ ಅಂಕಿಯನ್ನೇ ಹಿಡಿಯಿರಿ.

ಅಂಕಿ ಸರಿ, ಆದರೂ ಪ್ರತಿ ಸಲ ಒಂದೇ ಥರ ಕೆಡುತ್ತಿದೆ

ಯಾವ ರೆಸಿಪಿ ಮಾಡಿದರೂ ಹೊತ್ತಿಗೆ ಮೊದಲೇ ಕಂದುತ್ತದೆ, ಇಲ್ಲವೇ ಯಾವಾಗಲೂ ಹತ್ತು ಹದಿನೈದು ನಿಮಿಷ ಜಾಸ್ತಿ ಬೇಕು. ಆಗ ಅನುಮಾನ ಓವನ್ ಮೇಲೆ ಹೋಗಬೇಕು. ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡೋಣ.

ಪ್ಲಗ್ ತೆಗೆದು ನಾಬ್ ಅನ್ನು ಎಡಕ್ಕೆ ಕೊನೆಯವರೆಗೆ ತಿರುಗಿಸಿ. ಅದರ ಗೀಟು ಆಫ್ ಅಥವಾ ಕನಿಷ್ಠ ಗುರುತಿನ ಮೇಲೆ ಸರಿಯಾಗಿ ಕೂರಬೇಕು. ಕೂರದಿದ್ದರೆ ನಾಬ್ ಜಾರಿದೆ. ಆಗ ನೀವು 180 ಅಂದುಕೊಂಡದ್ದು 200 ಆಗಿರಬಹುದು.

ಅದು ಸರಿಯಿದ್ದರೆ ಸಕ್ಕರೆ ಪರೀಕ್ಷೆ. ಸಕ್ಕರೆ ಕರಗುವುದು ಸುಮಾರು 186 ಸೆಲ್ಸಿಯಸ್‌ನಲ್ಲಿ. ಫಾಯಿಲ್‌ನಿಂದ ಚಿಕ್ಕ ಬಟ್ಟಲು ಮಾಡಿ, ಒಂದು ಚಮಚ ಸಕ್ಕರೆ ಹರಡಿ. ಎರಡೂ ರಾಡ್ ಹಾಕಿ ಓವನ್ ಅನ್ನು 175ಕ್ಕೆ ಚೆನ್ನಾಗಿ ಕಾಯಿಸಿ, ಬಟ್ಟಲನ್ನು ನಡು ಹಂತದಲ್ಲಿ 15 ನಿಮಿಷ ಇಡಿ. ಸಕ್ಕರೆ ಹರಳು ಹರಳಾಗಿಯೇ ಉಳಿಯಬೇಕು. ಕರಗಿತು ಅಂದರೆ ಓವನ್ ತೋರಿಸುವುದಕ್ಕಿಂತ ಬಿಸಿ. ಆಮೇಲೆ 190ಕ್ಕೆ ಏರಿಸಿ, ಹೊಸ ಸಕ್ಕರೆ ಹಾಕಿ, ಮತ್ತೆ 15 ನಿಮಿಷ. ಈಗ ಕರಗಬೇಕು. ಕರಗಲಿಲ್ಲ ಅಂದರೆ ಓವನ್ ತಣ್ಣಗಿದೆ. ಬಟ್ಟಲನ್ನು ಒಳಗೇ ಆರಲು ಬಿಡಿ. ಕರಗಿದ ಸಕ್ಕರೆ ಕೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಕುದಿನೀರಿಗಿಂತ ಕೆಟ್ಟದ್ದು. ಮಕ್ಕಳನ್ನು ದೂರ ಇಡಿ.

ಸಕ್ಕರೆ 'ಬಿಸಿ' ಅಥವಾ 'ತಣ್ಣಗೆ' ಅಂತಷ್ಟೇ ಹೇಳುತ್ತದೆ. ಎಷ್ಟು ಅಂತ ತಿಳಿಯಲು ಓವನ್ ಒಳಗೆ ನೇತುಹಾಕುವ ಥರ್ಮಾಮೀಟರ್ ಬೇಕು. ಜ್ವರದ ಥರ್ಮಾಮೀಟರ್ ಒಳಗಿಡುವ ಸಾಹಸ ಬೇಡ, ಅದು ಒಡೆಯುತ್ತದೆ. ಓವನ್ ಥರ್ಮಾಮೀಟರನ್ನು ನಡುವೆ ಇಟ್ಟು, 180ಕ್ಕೆ ಹಾಕಿ, 20 ನಿಮಿಷ ಬಿಟ್ಟು ಗಾಜಿನಿಂದ ನೋಡುತ್ತಾ ಹೋಗಿ. ದೀಪ ಆರಿದಾಗ 195, ಹೊತ್ತುವಾಗ 165 ಇರಬಹುದು. ಗಾಬರಿ ಬೇಡ. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೆಲಸ ಮಾಡುವ ರೀತಿಯೇ ಹಾಗೆ, ಸರಾಸರಿ 180 ಬಂತಲ್ಲ. ಸರಾಸರಿ 160 ಬಂದರೆ ನಿಮ್ಮ ಓವನ್ 20 ಹಿಂದಿದೆ, ಇನ್ನು ಮೇಲೆ 200ಕ್ಕೆ ಇಡಿ. ಈ ಅಂತರ ಎಲ್ಲ ಅಂಕಿಗೂ ಒಂದೇ ಇರಬೇಕೆಂದಿಲ್ಲ. 150ಕ್ಕೆ, 220ಕ್ಕೆ ಬೇರೆ ಬೇರೆ ನೋಡಿ ಚೀಟಿಯಲ್ಲಿ ಬರೆದಿಡಿ. ಅಂತರ 30 ಡಿಗ್ರಿ ದಾಟಿದರೆ, ಅಥವಾ ದಿನಕ್ಕೊಂದು ಥರ ಬಂದರೆ ಥರ್ಮೋಸ್ಟಾಟ್ ಬದಲಿಸುವ ಹೊತ್ತು ಬಂದಿದೆ.

ಒಂದು ಎಚ್ಚರ: ಈ ಥರ್ಮಾಮೀಟರುಗಳ ಮುಖದಲ್ಲಿ ಸಾಮಾನ್ಯವಾಗಿ ಎರಡು ಸುತ್ತು ಅಂಕಿಗಳಿರುತ್ತವೆ. ದೊಡ್ಡ ಅಕ್ಷರದ್ದು ಫ್ಯಾರನ್‌ಹೀಟ್ ಆಗಿರಬಹುದು. ಯಾವ ಸುತ್ತು ಓದುತ್ತಿದ್ದೀರಿ ಅಂತ ನೋಡಿಕೊಳ್ಳಿ.

ಚುಚ್ಚಿ ನೋಡುವ ಥರ್ಮಾಮೀಟರ್ ವಿಚಿತ್ರ ಅಂಕಿ ತೋರಿಸುತ್ತಿದೆ

ಡಿಜಿಟಲ್ ಥರ್ಮಾಮೀಟರಿನ ಚಿಕ್ಕ ಗುಂಡಿ ಅರಿವಿಲ್ಲದೆ ಒತ್ತಿಹೋಗಿ ಲೆಕ್ಕ ಬದಲಾಗಿರುತ್ತದೆ. ಕುದಿಯುವ ನೀರಿಗೆ ಅದ್ದಿ. ಮಂಗಳೂರಿನಲ್ಲಿ 100 ಅಥವಾ 212 ಬರಬೇಕು. ಬೆಂಗಳೂರಿನಲ್ಲಿ ನೀರು 97ಕ್ಕೇ ಕುದಿಯುತ್ತದೆ, ಹಾಗಾಗಿ 97 ಅಥವಾ 206ರ ಹತ್ತಿರ. ಕೇಕ್ ಬೆಂದಾಗ ನಡುಭಾಗ 93ರಿಂದ 99 ಸೆಲ್ಸಿಯಸ್ ಇರುತ್ತದೆ. ಬೆಂಗಳೂರು, ಮಡಿಕೇರಿಯವರು ಕೆಳಗಿನ ಅಂಕಿಯನ್ನೇ ಹಿಡಿಯಿರಿ, 99ಕ್ಕೆ ಕಾದರೆ ಕೇಕ್ ಒಣಗುತ್ತದೆ. ಚಿಕನ್ ಬೇಯಿಸುವವರು ಇಲ್ಲಿ ರಾಜಿ ಆಗಬಾರದು: ಒಳಗಿನ ಬಿಸಿ 165 ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಮುಟ್ಟಲೇಬೇಕು.

ಬ್ರೆಡ್ ಹಿಟ್ಟು ಉಬ್ಬಲೇ ಇಲ್ಲ

'ಹಾಲನ್ನು 110 ಡಿಗ್ರಿಗೆ ಬಿಸಿ ಮಾಡಿ ಯೀಸ್ಟ್ ಹಾಕಿ' ಅಂತ ಓದಿ ಕುದಿಯುವ ಹಾಲಿಗೆ ಯೀಸ್ಟ್ ಹಾಕಿದರೆ ಅದು ಅಲ್ಲೇ ಸತ್ತಿತು. 60 ಸೆಲ್ಸಿಯಸ್ ಹೊತ್ತಿಗೆ ಯೀಸ್ಟ್ ಉಳಿಯುವುದಿಲ್ಲ. ಆ 110 ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್. ಬೆರಳಿಟ್ಟರೆ ಹಿತವಾಗಿ ಬೆಚ್ಚಗಿರಬೇಕು, ಚುರುಕ್ ಅನ್ನಬಾರದು. ಹತ್ತು ನಿಮಿಷದಲ್ಲಿ ನೊರೆ ಏಳದಿದ್ದರೆ ಮೈದಾ ಹಾಳು ಮಾಡಬೇಡಿ, ಹೊಸ ಯೀಸ್ಟ್ ತೆಗೆದುಕೊಳ್ಳಿ.

ಬಿಸ್ಕತ್ತು ಹರಡಿಕೊಂಡು ಒಂದಕ್ಕೊಂದು ಅಂಟಿತು

ಬಿಸಿ ಕಡಿಮೆ ಇದ್ದರೆ ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ ಹರಿಯುತ್ತದೆ. ಹಾಗಾಗಿ ಪ್ರೀಹೀಟ್ ಮೊದಲು ನೋಡಿ. ಅದು ಸರಿಯಿದ್ದರೆ ಬೆಣ್ಣೆಯನ್ನೇ ನೋಡಬೇಕು. 'ರೂಮ್ ಟೆಂಪರೇಚರ್ ಬೆಣ್ಣೆ' ಅಂತ ಬರೆದವರ ಕೋಣೆ 68 ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್. ರಾಯಚೂರಿನ ಏಪ್ರಿಲ್ ಕೋಣೆ ಅಲ್ಲ. ಬೆಣ್ಣೆ ಬೆರಳಿಗೆ ಮಣಿಯಬೇಕು, ಜಿಡ್ಡು ಹೊಳೆಯಬಾರದು. ಕಲಸಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಬೇಯಿಸಿದರೆ ನಾನ್‌ಕಟಾಯಿಯೂ ಆಕಾರ ಬಿಡುವುದಿಲ್ಲ.

ಚೆನ್ನಾಗಿ ಉಬ್ಬಿ ನಡು ಕುಸಿಯಿತು

ಮುಕ್ಕಾಲು ಪಾಲು ಇದು ಅವಸರದ ಫಲ. ಬಾಗಿಲು ಬೇಗ ತೆಗೆದಿರಿ, ಅಥವಾ ಬೇಯುವ ಮೊದಲೇ ಹೊರಗೆ ತೆಗೆದಿರಿ. ಅದೂ ಅಲ್ಲವಾದರೆ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್, ಅಂದರೆ 3,000 ಅಡಿ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಮ್ಮಿ ಇರುವುದರಿಂದ ಕೇಕ್ ಬೇಗ ಉಬ್ಬಿ, ಗಟ್ಟಿಯಾಗುವ ಮೊದಲೇ ಬೀಳಬಹುದು. ಬೇಕಿಂಗ್ ಪೌಡರ್ ಒಂದು ಟೀ ಚಮಚ ಇರುವ ಕಡೆ ಎಂಟನೇ ಒಂದು ಭಾಗ ಕಡಿಮೆ ಹಾಕಿ. ಕಾವನ್ನು ಸುಮಾರು 10 ಸೆಲ್ಸಿಯಸ್ ಏರಿಸಿಯೂ ನೋಡಬಹುದು, ಆದರೆ ಥರ್ಮಾಮೀಟರ್ ಇಟ್ಟು ಓವನ್ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ.

ಹೊಗೆ, ಸುಟ್ಟ ವಾಸನೆ, ಟ್ರಿಪ್: ಇಲ್ಲಿಗೆ ನಿಲ್ಲಿಸಿ

ಕಾಗದದ ಹೊಗೆ ಆದರೆ ಡಬ್ಬಿ ಓದಿ. ಬೇಕಿಂಗ್ ಪೇಪರ್ ಮೇಲೆ 425 ಅಂತ ಅಚ್ಚಾಗಿದ್ದರೆ ಅದು ಫ್ಯಾರನ್‌ಹೀಟ್, 220 ಸೆಲ್ಸಿಯಸ್‌ಗಿಂತ ಮೇಲೆ ಹೋಗಬಾರದು. ಮೇಣ ಹಚ್ಚಿದ ಕಾಗದ ಓವನ್‌ಗೆ ಬೇಡವೇ ಬೇಡ. ಸಿಲಿಕಾನ್ ಅಚ್ಚಿನ ಮೇಲೂ ಮಿತಿ ಬರೆದಿರುತ್ತದೆ, ಯಾವ ಲೆಕ್ಕ ಅಂತ ನೋಡಿ. ಒಳಗೆ ಬೆಂಕಿ ಕಂಡರೆ ಬಾಗಿಲು ತೆಗೆಯಬೇಡಿ. ಸ್ವಿಚ್ ಆರಿಸಿ, ಗಾಳಿ ಸಿಗದೆ ತಾನೇ ಆರುತ್ತದೆ. ಆರದಿದ್ದರೆ ಎಲ್ಲರೂ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ರಬ್ಬರ್ ಸುಟ್ಟ ವಾಸನೆ, ಪ್ಲಗ್ ಕೈಗೆ ಬಿಸಿ ತಾಗುವುದು, ಓವನ್ನಿನ ಮೈ ಮುಟ್ಟಿದರೆ ಜುಮ್ಮೆನ್ನುವುದು, ದೀಪ ಆರದೆ ರಾಡ್ ಕೆಂಪಾಗಿಯೇ ಉಳಿಯುವುದು – ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆ ಮುಂದುವರಿಸಬೇಡಿ. ಮೇನ್ ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ. ಕೊನೆಯದು ಥರ್ಮೋಸ್ಟಾಟ್ ಅಂಟಿಕೊಂಡ ಗುರುತು, ಬಿಸಿ ಎಲ್ಲಿಗೆ ಏರುತ್ತದೋ ಹೇಳಲಾಗದು. ಥರ್ಮೋಸ್ಟಾಟ್ ಬಿಟ್ಟು ನೇರ ವೈರ್ ಕೊಡುತ್ತೇನೆ ಅನ್ನುವ ರಿಪೇರಿಯವರಿಗೆ ಕೈ ಮುಗಿದು ಕಳುಹಿಸಿ.

ಓಟಿಜಿಯನ್ನು 16 ಆಂಪಿಯರ್ ಪವರ್ ಪ್ಲಗ್‌ಗೇ ಹಾಕಬೇಕು. 2000 ವ್ಯಾಟ್ ಓವನ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್ ಕರಗಿಹೋಗಬಹುದು. ಎಕ್ಸ್‌ಟೆನ್ಷನ್ ಬಾಕ್ಸ್ ಕೂಡ ಬೇಡ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು. ಮಳೆಗಾಲ ಪೂರ್ತಿ ಮುಚ್ಚಿಟ್ಟ ಓವನ್ ಹಾಕಿದ ಕೂಡಲೇ ಟ್ರಿಪ್ ಆದರೆ ರಾಡಿನ ಒಳಗಿನ ಪುಡಿ ತೇವ ಹೀರಿರಬಹುದು. ಟ್ರಿಪ್ ಸ್ವಿಚ್ ಮತ್ತೆ ಮತ್ತೆ ಎತ್ತಿ ನೋಡಬೇಡಿ. ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್, ಲೀಕೇಜ್ ಎರಡನ್ನೂ ನೋಡಿಸಿ.

ಅಮೆರಿಕದಿಂದ ಅಣ್ಣ ತಂದ ಟೋಸ್ಟರ್ ಓವನ್‌ಗೆ ಪಿನ್ ಅಡಾಪ್ಟರ್ ಹಾಕಿ ಚುಚ್ಚುವವರೂ ಇದ್ದಾರೆ. ಅದು 120 ವೋಲ್ಟಿನದು. ಇಲ್ಲಿನ 230ಕ್ಕೆ ಕೊಟ್ಟರೆ ರಾಡ್ ಮೂರೂವರೆ ಪಟ್ಟಿಗೂ ಮೇಲೆ ವ್ಯಾಟ್ ಎಳೆಯಲು ಹೋಗಿ ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು. ಅದರ ನಾಬ್ ಮೇಲಿನ ಅಂಕಿ ಬದಲಾಯಿಸುವ ಪ್ರಶ್ನೆಯೇ ಏಳುವುದಿಲ್ಲ.

ಸರ್ವಿಸ್‌ನವರಿಗೆ ಫೋನ್ ಮಾಡುವಾಗ 'ಓವನ್ ಸರಿ ಇಲ್ಲ' ಅಂತಷ್ಟೇ ಹೇಳಬೇಡಿ. ನಾಬ್ ಎಷ್ಟಕ್ಕೆ ಇಟ್ಟಿದ್ದಿರಿ, ಥರ್ಮಾಮೀಟರ್ ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು ತೋರಿಸಿತು, ದೀಪ ಆರುತ್ತದೆಯೇ, ಎರಡೂ ರಾಡ್ ಕೆಂಪಾಗುತ್ತವೆಯೇ – ಇಷ್ಟು ಹೇಳಿ. ಅಂಕಿಯ ಜೊತೆಗೆ ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅನ್ನುವುದನ್ನೂ ಸೇರಿಸಿ ಹೇಳಿದರೆ ಬರುವಾಗಲೇ ಬೇಕಾದ ಪಾರ್ಟ್ ತರುತ್ತಾರೆ.